ಹಳೆಯ ಪೋರ್ಷೆ 911: ಸೈಲೆನ್ಸರ್ ಸದ್ದು ಜೋರಾದರೆ ಪವರ್ ಹೆಚ್ಚುತ್ತದೆಯೇ?

ಸದ್ದು ಜೋರಾದಷ್ಟೂ ಗಾಡಿಗೆ ಪವರ್ ಜಾಸ್ತಿ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹೊಗೆ ಸಲೀಸಾಗಿ ಹೊರಹೋದರೆ ಎಂಜಿನ್‌ಗೆ ಸ್ವಲ್ಪ ಲಾಭವಿದೆ, ನಿಜ. ಆದರೆ ಬರೀ ಸೈಲೆನ್ಸರ್ ಬದಲಿಸಿದರೆ ಹೆಚ್ಚಾಗಿ ಬದಲಾಗುವುದು ಸದ್ದೇ.

1998ರವರೆಗೆ ತಯಾರಾದ, ಗಾಳಿಯಿಂದಲೇ ತಣಿಯುವ ಎಂಜಿನ್‌ನ ಪೋರ್ಷೆ 911ರಲ್ಲಿ ಇನ್ನೊಂದು ವಿಷಯವಿದೆ. ಇದರಲ್ಲಿ ರೇಡಿಯೇಟರ್ ನೀರಿಲ್ಲ. ಹಾಗಾಗಿ ಚಳಿಗೆ ಕಾರಿನ ಒಳಗೆ ಬರುವ ಬಿಸಿಗಾಳಿ ಸಿಗುವುದು ಹೊಗೆ ಕೊಳವೆಯಿಂದ. ಬಿಸಿ ಕೊಳವೆಯ ಸುತ್ತ ಲೋಹದ ಕವಚವಿರುತ್ತದೆ. ಅದೇ ಹೀಟ್ ಎಕ್ಸ್‌ಚೇಂಜರ್. ಆ ಸಂದಿಯಲ್ಲಿ ಫ್ಯಾನ್ ಗಾಳಿ ಹಾದು, ಬಿಸಿಯಾಗಿ ಒಳಬರುತ್ತದೆ. ಕವಚವಿಲ್ಲದ ರೇಸ್ ಪೈಪ್ ಹಾಕಿಸಿದಿರೋ, ಹೀಟರ್ ಹೋಯಿತು. ಜರ್ಮನಿಯ ಚಳಿಗಾಲದಲ್ಲಿ ಗಾಜಿನ ಮಂಜು ಒರೆಸುತ್ತಲೇ ಓಡಿಸಬೇಕು!

ಅದಕ್ಕಿಂತ ಮುಖ್ಯ: ಹಳೆಯ ಕೊಳವೆ ತುಕ್ಕು ಹಿಡಿದು ತೂತಾದರೆ, ಹೀಟರ್ ಗಾಳಿಯ ಜೊತೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರಬಹುದು. ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣಕ್ಕೇ ಅಪಾಯ. ಹೀಟರ್ ಹಾಕಿದಾಗ ತಲೆನೋವು, ತಲೆಸುತ್ತು, ವಾಕರಿಕೆ ಕಾಣಿಸಿದರೆ ಕೂಡಲೇ ಕಾರು ನಿಲ್ಲಿಸಿ ಹೊರಗೆ ಬನ್ನಿ. ಖರ್ಚು ಮಾಡುವುದಾದರೆ ಮೊದಲು ಸ್ಟೇನ್‌ಲೆಸ್ ಸ್ಟೀಲ್ ಹೀಟ್ ಎಕ್ಸ್‌ಚೇಂಜರ್‌ಗೆ ಮಾಡಿ ಎನ್ನುತ್ತೇವೆ ನಾವು. ಸೈಲೆನ್ಸರ್ ಆಮೇಲೆ.