ಮಳೆಗಾಲದಲ್ಲೂ ಹೋರಿ ತಾಲೀಮು: ಕೆಸರಾಗದ ಅಂಗಳ ಕಡಿಮೆ ಖರ್ಚಿನಲ್ಲಿ ಮಾಡುವುದು ಹೇಗೆ?

ಹಿರೇಬೆಂಡಿಗೇರಿ (ಶಿಗ್ಗಾವಿ): ದೀಪಾವಳಿಯ ಬಲಿಪಾಡ್ಯಮಿ ಬಂತೆಂದರೆ ಹಾವೇರಿ ಜಿಲ್ಲೆಯಲ್ಲಿ ಹೋರಿ ಹಬ್ಬ ಶುರು. ಶಿಗ್ಗಾವಿ, ಹಾನಗಲ್ಲ, ಸವಣೂರು, ಹಿರೇಕೆರೂರು ಭಾಗದಲ್ಲಿ ಕೊಬ್ಬರಿ ಸರ ಕಟ್ಟಿದ ಹೋರಿಗಳು ಅಖಾಡಕ್ಕೆ ಇಳಿಯುತ್ತವೆ. ಆದರೆ ಅದಕ್ಕೆ ತಾಲೀಮು ಕೊಡಬೇಕಾದ ತಿಂಗಳುಗಳು ಯಾವುವು? ಆಷಾಢ, ಶ್ರಾವಣ, ಭಾದ್ರಪದ. ಅಂದರೆ ನೆಲ ಪೂರ್ತಿ ಕೆಸರಾಗಿರುವ ಹೊತ್ತು. ಆಗ ಹೋರಿಯನ್ನು ಎರಡು ಮೂರು ತಿಂಗಳು ಗೂಟಕ್ಕೆ ಕಟ್ಟಿ ಹಾಕಿ, ಹಬ್ಬದ ಮುಂದೆ ಒಮ್ಮೆಲೇ ಓಡಿಸಿದರೆ ಕಾಲು ಉಳುಕುತ್ತದೆ. ಕೆಸರಿನಲ್ಲೇ ಓಡಿಸಿದರೆ ಜಾರಿ ಬಿದ್ದು ಕಾಲು ಮುರಿಯುತ್ತದೆ. ಕಾಲು ಮುರಿದ ಹೋರಿ ಮತ್ತೆ ಅಖಾಡಕ್ಕೆ ಬರುವುದು ಕಷ್ಟ.

ಇದಕ್ಕೆ ಪರಿಹಾರ ಮನೆ ಮುಂದಿನ ಅಥವಾ ಹಿತ್ತಲಿನ ಒಂದು ತುಂಡು ಜಾಗವನ್ನು ಮಳೆಯಲ್ಲೂ ಗಟ್ಟಿಯಾಗಿ ಇರುವಂತೆ ಮಾಡಿಕೊಳ್ಳುವುದು. ಮಳೆ ಹೆಚ್ಚಿರುವ ದೇಶಗಳಲ್ಲಿ ಕುದುರೆ ಪಳಗಿಸುವವರು ಮಾಡುವುದೂ ಇದನ್ನೇ. ನೆನಪಿಡಬೇಕಾದ್ದು ಒಂದೇ ಮಾತು: ಮೊದಲ ಖರ್ಚು ನೀರು ಹೊರಹಾಕಲು, ಕೊನೆಯ ಖರ್ಚು ಮೇಲಿನ ಉಸುಕಿಗೆ. ಬಹಳ ಮಂದಿ ಇದನ್ನು ಉಲ್ಟಾ ಮಾಡುತ್ತಾರೆ. ಹತ್ತು ಟ್ರೇಲರ್ ಗರಸು ಸುರಿದರೂ ಎರಡನೇ ಮಳೆಗಾಲಕ್ಕೆ ಅದು ಮಣ್ಣಿನಲ್ಲಿ ಕರಗಿ ಹೋಗುವುದು ಇದಕ್ಕೇ.

ಜಾಗ ಮತ್ತು ನೀರು

ತಗ್ಗು ಜಾಗ ಬೇಡ, ಸ್ವಲ್ಪ ದಿಬ್ಬದ ಮೇಲಿರಲಿ. ನೆಲಕ್ಕೆ ಒಂದೇ ಕಡೆ ಇಳಿಜಾರು ಕೊಡಿ. 40 ಅಡಿ ಉದ್ದಕ್ಕೆ 5ರಿಂದ 9 ಇಂಚು ಇಳಿಜಾರು ಸಾಕು. ಇದಕ್ಕಿಂತ ಹೆಚ್ಚಾದರೆ ಮೇಲಿನ ಉಸುಕೇ ಹರಿದು ಹೋಗುತ್ತದೆ. ಮೇಲ್ಭಾಗದಲ್ಲಿ 1 ಅಡಿ ಅಗಲ, ಒಂದೂವರೆ ಅಡಿ ಆಳದ ಬಸಿಗಾಲುವೆ ತೋಡಿ, ಹೊಲದ ನೀರು ಅಂಗಳಕ್ಕೆ ನುಗ್ಗದಂತೆ ತಿರುಗಿಸಿ.

ಕೊಟ್ಟಿಗೆಯ ತಗಡಿನ ನೀರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 1,000 ಚದರ ಅಡಿ ತಗಡಿನ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು ಕೆಳಗೆ ಸುರಿಯುತ್ತದೆ. ಅದು ಅಂಗಳಕ್ಕೇ ಬಿದ್ದರೆ ಯಾವ ಗರಸೂ ತಡೆಯಂಗಿಲ್ಲ. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ತಗಡಿನ ಅಂಚಿಗೆ ಕಟ್ಟಿ, ನೀರನ್ನು ಡ್ರಮ್ಮಿಗೋ ಕಾಲುವೆಗೋ ಬಿಡಿ. ಇಡೀ ಕೆಲಸದಲ್ಲಿ ಕಡಿಮೆ ದುಡ್ಡಿಗೆ ಹೆಚ್ಚು ಲಾಭ ಕೊಡುವುದು ಇದೇ.

ಯರೆ ಮಣ್ಣೋ, ಕೆಂಪು ಮಣ್ಣೋ?

ಯರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಖಡಿ ಹಾಕಿದರೆ ಹೋರಿಯ ತೂಕಕ್ಕೆ ಒಳಗೆ ಇಳಿಯುತ್ತದೆ. ಹಾಗಾಗಿ ಮೇಲಿನ ಅರ್ಧ ಅಡಿ ಮಣ್ಣು ತೆಗೆದು, ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಆಮೇಲೆ ಖಡಿ ಹಾಕಬೇಕು. ಈ ಬಟ್ಟೆ ನೀರನ್ನು ಬಿಡುತ್ತದೆ, ಮಣ್ಣು ಖಡಿಯೊಂದಿಗೆ ಬೆರೆಯಲು ಬಿಡುವುದಿಲ್ಲ. ಪ್ಲಾಸ್ಟಿಕ್ ತಾಡಪತ್ರಿ ಹಾಸಬೇಡಿ, ನೀರು ಅಲ್ಲೇ ನಿಲ್ಲುತ್ತದೆ. ಗಟ್ಟಿ ಕೆಂಪು ಮಣ್ಣಿನ ಜಾಗದಲ್ಲಿ ಬಟ್ಟೆ ಇಲ್ಲದೆಯೂ ನಡೆಯುತ್ತದೆ. ಆದರೆ ಹಾನಗಲ್ಲ ಕಡೆ ಸವಣೂರಿಗಿಂತ ಮಳೆ ಜಾಸ್ತಿ, ಅಲ್ಲಿ ಬಸಿಗಾಲುವೆ ಇನ್ನಷ್ಟು ದೊಡ್ಡದಿರಲಿ. ಪುಕ್ಕಟೆ ಸಿಗುತ್ತದೆಂದು ಕೆರೆ ಹೂಳು ತಂದು ಹಾಕಬೇಡಿ. ಅದು ಹೊಲಕ್ಕೆ ಬಂಗಾರ, ಅಂಗಳಕ್ಕೆ ಕೆಸರು.

ಸಾಮಾನಿನ ಲೆಕ್ಕ (30x40 ಅಡಿ ಅಂಗಳಕ್ಕೆ)

• ತಳಕ್ಕೆ 40 ಮಿ.ಮೀ. ಖಡಿ, 6 ಇಂಚು: 6 ಬ್ರಾಸ್
• ಅದರ ಮೇಲೆ ಗರಸು, 3 ಇಂಚು: 3 ಬ್ರಾಸ್
• ಕೊನೆಗೆ ಉಸುಕು ಅಥವಾ ಎಂ-ಸ್ಯಾಂಡ್, 2 ಇಂಚು: 2 ಬ್ರಾಸ್
• ಜಿಯೋಟೆಕ್ಸ್‌ಟೈಲ್: 1,200 ಚದರ ಅಡಿ, ಅಂಚುಗಳು ಒಂದರ ಮೇಲೊಂದು ಬರಲು ಸ್ವಲ್ಪ ಹೆಚ್ಚು

ಒಂದು ಬ್ರಾಸ್ ಅಂದರೆ 100 ಘನ ಅಡಿ. ರೋಲರ್ ಹೊಡೆದಾಗ ಖಡಿ, ಗರಸು ಕುಗ್ಗುವುದರಿಂದ ಐದರಲ್ಲಿ ಒಂದು ಪಾಲು ಹೆಚ್ಚು ತರಿಸಿಕೊಳ್ಳಿ. ದರ ಕ್ರಷರ್‌ನಿಂದ ಕ್ರಷರ್‌ಗೆ, ಬಾಡಿಗೆಯಿಂದ ಬಾಡಿಗೆಗೆ ಬೇರೆ. ಟ್ರೇಲರ್ ಲೆಕ್ಕದಲ್ಲಿ ಅಲ್ಲ, ಬ್ರಾಸ್ ಲೆಕ್ಕದಲ್ಲೇ ಮಾತಾಡಿ. ಟ್ರೇಲರ್‌ನ ಉದ್ದ, ಅಗಲ, ಎತ್ತರ ಅಳೆದು ಗುಣಿಸಿದರೆ ಎಷ್ಟು ಬಂತೆಂದು ಗೊತ್ತಾಗುತ್ತದೆ. ಉಸುಕು 2 ಇಂಚಿಗಿಂತ ದಪ್ಪ ಬೇಡ. ಆಳದ ಉಸುಕಿನಲ್ಲಿ ಕಾಲು ಎಳೆದು ನರ ಹಿಡಿದುಕೊಳ್ಳುತ್ತದೆ. ನುಣುಪು ಸಿಮೆಂಟ್ ಕಾಂಕ್ರೀಟ್ ಕೂಡ ತಾಲೀಮಿಗೆ ಆಗಂಗಿಲ್ಲ. ಒದ್ದೆಯಾದಾಗ ಗೊರಸು ಜಾರುತ್ತದೆ.

ದುಡ್ಡು ಸಾಲದಿದ್ದರೆ ಈ ವರ್ಷ ಬಾಗಿಲು, ನೀರಿನ ತೊಟ್ಟಿ ಮತ್ತು ಮೇವು ಹಾಕುವ ಜಾಗಕ್ಕಷ್ಟೇ ಖಡಿ-ಗರಸು ಹಾಕಿ. ಕೆಸರು ಮೊದಲು ಏಳುವುದು ಅಲ್ಲೇ.

ಬೇಲಿ

ನೀಲಗಿರಿ ಅಥವಾ ಗಾಳಿ ಮರದ ಕಂಬಗಳನ್ನು ಎರಡೂವರೆ ಅಡಿಯಿಂದ ಮೂರು ಅಡಿ ಹೂತು, ನೆಲದ ಮೇಲೆ 5ರಿಂದ 6 ಅಡಿ ಎತ್ತರ ಬಿಡಿ. ಅಡ್ಡ ಗಳಗಳನ್ನು ಕಂಬದ ಒಳಬದಿಗೆ ಕಟ್ಟಿ. ಆಗ ಹೋರಿ ಒತ್ತಿದರೂ ಗಳ ಕಂಬಕ್ಕೇ ಬಿಗಿಯುತ್ತದೆ, ಭುಜ ಕಂಬಕ್ಕೆ ತಾಗುವುದಿಲ್ಲ. ಮುಳ್ಳುತಂತಿ ಬೇಡವೇ ಬೇಡ. ಒಂದೆರಡು ಕಡೆ ಮನುಷ್ಯ ಅಡ್ಡಡ್ಡ ನುಸುಳುವಷ್ಟು, ಅಂದರೆ ಒಂದು ಅಡಿಗಿಂತ ಸ್ವಲ್ಪ ಹೆಚ್ಚು ಸಂದಿ ಬಿಡಿ. ಹೋರಿ ಮೈಮೇಲೆ ಬಂದಾಗ ಜೀವ ಉಳಿಸುವುದು ಆ ಸಂದಿ.

ತಾಲೀಮು ಎಷ್ಟು, ಆರೈಕೆ ಹೇಗೆ?

ಈ ಅಂಗಳ ಪೂರ್ತಿ ವೇಗದ ಓಟಕ್ಕಲ್ಲ. ಹಗ್ಗ ಹಿಡಿದು ಸುತ್ತು ನಡೆಸುವುದು, ತಿರುಗಿಸುವುದು, ಸದ್ದಿಗೆ ಮತ್ತು ಜನಕ್ಕೆ ರೂಢಿ ಮಾಡಿಸುವುದು ಇಲ್ಲಿ ನಡೆಯುತ್ತದೆ. ಓಟಕ್ಕೆ ಹೊಲ ಒಣಗಲಿ. ಹೆಜ್ಜೆ ಗುರುತಿನಲ್ಲಿ ನೀರು ನಿಂತರೆ ಅವತ್ತು ಓಡಿಸಬೇಡಿ.

ಸಗಣಿ ದಿನಾಲೂ ತೆಗೆಯಲೇಬೇಕು. ಬಿಟ್ಟರೆ ಅದು ಉಸುಕಿನ ಸಂದಿ ಮುಚ್ಚಿ, ನೀರು ಇಂಗದಂತೆ ಮಾಡುತ್ತದೆ. ಸದಾ ಒದ್ದೆಯಲ್ಲಿ ನಿಂತ ಗೊರಸು ಮೆತ್ತಗಾಗಿ, ಬೆರಳ ಸಂದಿ ಒಡೆದು ಹುಣ್ಣಾಗುತ್ತದೆ. ತಾಲೀಮು ಮುಗಿದ ಮೇಲೆ ಕಾಲು ತೊಳೆದು, ಒರೆಸಿ, ಒಣ ಜಾಗದಲ್ಲಿ ಕಟ್ಟಿ. ಕುಂಟಿದರೆ, ಬೆರಳ ಸಂದಿ ವಾಸನೆ ಬಂದರೆ ಪಶು ಆಸ್ಪತ್ರೆಗೆ ತೋರಿಸಿ. ಸಂಚಾರಿ ಪಶು ಚಿಕಿತ್ಸಾ ಸೇವೆಯ ಸಹಾಯವಾಣಿ 1962. ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಮಳೆ ಹಿಡಿಯುವ ಮುಂಚೆಯೇ ಆಗಿರಲಿ.

ಕಾನೂನಿನ ಮಾತೂ ಇದೆ. ಕಂಬಳ, ಹೋರಿ ಓಟ, ಎತ್ತಿನ ಗಾಡಿ ಓಟಕ್ಕೆ ಅವಕಾಶ ಕೊಟ್ಟ ಕರ್ನಾಟಕದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು. ಆದರೆ ಪ್ರಾಣಿಗೆ ಹಿಂಸೆ ಆಗಬಾರದೆಂಬ ಹೊಣೆ ಹಾಗೇ ಇದೆ. ಕೆಸರಿನಲ್ಲಿ ಹೊಡೆದು ಓಡಿಸುವುದು ತಾಲೀಮಲ್ಲ.

ಯಾವಾಗ ಮಾಡಿಸಬೇಕು?

ಏಪ್ರಿಲ್-ಮೇ ತಿಂಗಳಲ್ಲಿ, ನೆಲ ಒಣಗಿರುವಾಗ. ಒದ್ದೆ ಯರೆ ಮಣ್ಣಿನ ಮೇಲೆ ಜೆಸಿಬಿ, ರೋಲರ್ ಇಳಿಸಿದರೆ ಕೆಲಸವೂ ಕೆಡುತ್ತದೆ, ದುಡ್ಡೂ ಹೋಗುತ್ತದೆ. ಮಳೆಗಾಲ ಆಗಲೇ ಶುರುವಾಗಿದ್ದರೆ ಈಗ ಬಸಿಗಾಲುವೆ ಮತ್ತು ತಗಡಿನ ಪೈಪು ಮುಗಿಸಿ. ಜೋರು ಮಳೆಯಲ್ಲಿ ಒಮ್ಮೆ ಹೊರಗೆ ನಿಂತು ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ, ಅಲ್ಲಿ ಗೂಟ ಹೊಡೆದು ಗುರುತು ಮಾಡಿ. ಬೇಸಿಗೆಯಲ್ಲಿ ಕೆಲಸ ಆ ಗೂಟದಿಂದಲೇ ಶುರು ಮಾಡಬಹುದು.