ಮುದಗಲ್ಲಿನ ಹುಡುಗಿ ಒಲ್ಲೆ ಅಂದದ್ದು

ದೇವದುರ್ಗದ ಉತ್ತರಕ್ಕೆ ಕೃಷ್ಣೆ, ಮಾನ್ವಿಯ ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ಎಡೆದೊರೆ ನಾಡಿಗಾಗಿ ಎರಡು ರಾಜ್ಯಗಳು ತಲೆಮಾರುಗಟ್ಟಲೆ ಬಡಿದಾಡಿದವು. ಆದರೆ 1406ರ ಯುದ್ಧಕ್ಕೆ ಮಾತ್ರ ನಾವು ಪ್ರೇಮದ ಹೆಸರು ಕೊಟ್ಟಿದ್ದೇವೆ: ಅಕ್ಕಸಾಲಿಗನ ಮಗಳ ಯುದ್ಧ.

ರಾಯಚೂರಿನಲ್ಲಿ ನಾನೂ ವರ್ಷಗಟ್ಟಲೆ ಹಾಗೇ ಪಾಠ ಮಾಡಿದೆ. ಒಂದು ದಿನ ಮಾನ್ವಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಆಕಿ ಒಲ್ಲೆ ಅಂದಿದ್ದಳಲ್ರೀ, ಮತ್ತ ಯುದ್ಧ ಆಕಿಗಾಗಿ ಹೆಂಗಾತು?"

ಆ ಸಂಜೆ ಫೆರಿಶ್ತಾನ ಇತಿಹಾಸವನ್ನು ಮತ್ತೆ ತೆರೆದೆ. ಮುದಗಲ್ಲಿನ ಅಕ್ಕಸಾಲಿಗನ ಮನೆಯಲ್ಲಿ ತಂಗಿದ್ದ ಬ್ರಾಹ್ಮಣನೊಬ್ಬ ಅವನ ಮಗಳಿಗೆ ಸಂಗೀತ ಕಲಿಸಿದ. ಬಳಿಕ ವಿಜಯನಗರಕ್ಕೆ ಹೋಗಿ ಅವಳ ಚೆಲುವನ್ನು ಒಂದನೆಯ ದೇವರಾಯನ ಮುಂದೆ ಹೊಗಳಿದ. ರಾಯ ಅವನ ಕೈಯಲ್ಲೇ ಒಡವೆ ಕಳಿಸಿದ. ಅರಮನೆ ಸೇರಿದವಳು ಮತ್ತೆ ತವರಿನವರ ಮುಖ ಕಾಣುವಂತಿಲ್ಲ ಎಂದು ಹುಡುಗಿ ಒಡವೆ ಮುಟ್ಟಲಿಲ್ಲ. ರಾಯ ಸೈನ್ಯ ಕಳಿಸಿದ. ಸುದ್ದಿ ತಿಳಿದು ಅವಳ ಮನೆಯವರು ಊರನ್ನೇ ಬಿಟ್ಟು ಓಡಿದ್ದರು. ಸೈನಿಕರು ಸುತ್ತಲಿನ ಹಳ್ಳಿಗಳನ್ನು ಲೂಟಿ ಮಾಡಿ ಹೊರಟರು.

ಎದುರಾಳಿ ಬಹಮನಿ ಸುಲ್ತಾನ ಫಿರೋಜ್ ಶಾಹ. ಜ್ಯಾಮಿತಿ, ಖಗೋಳಗಳಲ್ಲಿ ಆಸಕ್ತಿಯಿದ್ದ ವಿದ್ವಾಂಸ. 1407ರಲ್ಲಿ ದೌಲತಾಬಾದಿನ ಹತ್ತಿರ ವೀಕ್ಷಣಾಲಯ ಕಟ್ಟಿಸಲು ತೊಡಗಿದವನು. ಖಗೋಳಜ್ಞ ಹಕೀಮ್ ಹಸನ್ ಗಿಲಾನಿ ತೀರಿಕೊಂಡದ್ದರಿಂದ ಅದು ಅರ್ಧಕ್ಕೇ ನಿಂತಿತು. ಇಂಥವನು ಯುದ್ಧ ಗೆದ್ದು ಕೇಳಿದ್ದು ದೇವರಾಯನ ಮಗಳನ್ನು, ಜತೆಗೆ ಬಂಕಾಪುರವನ್ನು. ವೈರಿಗಳ ನಡುವೆ ವಿಜೃಂಭಣೆಯಿಂದ ಮದುವೆ ನಡೆಯಿತು. ಹೊರಟ ಅಳಿಯನನ್ನು ಮಾವ ಸ್ವಲ್ಪ ದೂರ ಕಳುಹಿಸಿ ಹಿಂದಿರುಗಿದ. ಬಿಡಾರದವರೆಗೆ ಬರಲಿಲ್ಲವೆಂದು ಅಳಿಯ ಮುನಿದ. ದ್ವೇಷ ಉಳಿಯಿತು. ಆ ರಾಜಕುಮಾರಿಯ ಹೆಸರನ್ನು ಫೆರಿಶ್ತಾ ಹೇಳುವುದೂ ಇಲ್ಲ. ಅಕ್ಕಸಾಲಿಗನ ಮಗಳನ್ನು ಸುಲ್ತಾನ ತನ್ನ ಮಗ ಹಸನ್ ಖಾನನಿಗೆ ಮದುವೆ ಮಾಡಿಸಿದ. ಅವಳ ಹೆಸರಾದರೂ ಗಟ್ಟಿಯಿದೆಯೇ? ಒಂದು ಅನುವಾದದಲ್ಲಿ ಪರ್ತಾಲ್, ಇನ್ನೊಂದರಲ್ಲಿ ನಿಹಾಲ್.

ಫೆರಿಶ್ತಾ ಇದನ್ನು ಬರೆದದ್ದು ಸುಮಾರು 200 ವರ್ಷಗಳ ನಂತರ, ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ಕುಳಿತು. ಮುಸ್ಲಿಂ ರಾಜಕುಮಾರನ ಕೈಹಿಡಿಯುವೆನೆಂದು ಅವಳಿಗೆ ಮೊದಲೇ ಅನ್ನಿಸಿತ್ತು ಎಂದೂ ಸೇರಿಸುತ್ತಾನೆ. ಈ ಮಾತು ಅವಳದೋ, ಆಸ್ಥಾನದ್ದೋ ಎಂದು ಓದುವವರು ಅನುಮಾನಿಸಬೇಕು.

ಕಾರಣ ಹುಡುಕಲು ಹುಡುಗಿಯ ಮನೆಗೆ ಹೋಗಬೇಕಿಲ್ಲ. 40 ವರ್ಷ ಮೊದಲೇ, 1366ರಲ್ಲಿ, ಬುಕ್ಕರಾಯ ಇದೇ ಮುದಗಲ್ ಕೋಟೆ ಹಿಡಿದಿದ್ದ. ಆಗ ಅವಳಿನ್ನೂ ಹುಟ್ಟಿರಲಿಲ್ಲ. 1520ರಲ್ಲಿ ಕೃಷ್ಣದೇವರಾಯ ಇದೇ ನಾಡಿಗಾಗಿ ರಾಯಚೂರಿನಲ್ಲಿ ಕಾದಿದ. ಆಗ ಅವಳು ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಎರಡು ಹೊಳೆಗಳ ನಡುವಿನ ಹೊಲ, ಕೋಟೆ, ಕಂದಾಯ ಯಾರಿಗೆ ಎಂಬುದೇ ಜಗಳ. ಅದರ ಹೊರೆಯನ್ನು ಒಬ್ಬ ಹುಡುಗಿಯ ಚೆಲುವಿನ ಮೇಲೆ ಹೇರಿದರೆ ಇಬ್ಬರು ದೊರೆಗಳ ತಪ್ಪೂ ಹಗುರವಾಗುತ್ತದೆ.

ಈಗ ಕರಿಹಲಗೆಯ ಮೇಲೆ ನಾನು '1406ರ ಎಡೆದೊರೆ ಯುದ್ಧ' ಎಂದಷ್ಟೇ ಬರೆಯುತ್ತೇನೆ. ಅದರ ಕೆಳಗೆ ಬೇರೆಯೇ ಒಂದು ಸಾಲು: ಮುದಗಲ್ಲಿನ ಹುಡುಗಿ ಒಲ್ಲೆ ಅಂದಳು. ಆ ವಿದ್ಯಾರ್ಥಿನಿ ಕೇಳದಿದ್ದರೆ ಆ ಸಾಲು ನನ್ನ ಪಾಠದಲ್ಲಿ ಇಂದಿಗೂ ಇರುತ್ತಿರಲಿಲ್ಲ.