ಮಳೆನೀರಿಗೊಂದು ಮನೆ

ನನ್ನ ತಮ್ಮ ಫೋಟೋ ತೆಗೆಯುವಾಗ ಬಾಯಿ ತೆರೆದು ನಗುವುದಿಲ್ಲ. ಪಾವಗಡದ ಸೀಮೆಯಲ್ಲಿ ಹುಟ್ಟಿ ಬೆಳೆದ ಎಷ್ಟೋ ಜನರ ಹಲ್ಲಿನ ಮೇಲಿರುವ ಕಂದು ಗೆರೆ ಅವನ ಹಲ್ಲಿನ ಮೇಲೂ ಇದೆ. ಕೊಳವೆಬಾವಿಯ ನೀರಿನ ಫ್ಲೋರೈಡ್ ಬರೆದ ಗೆರೆ ಅದು. ಉಜ್ಜಿದರೆ ಅಳಿಸುವುದಿಲ್ಲ. ನೀರನ್ನು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಹೀಗಾಗಿ ಮೊಮ್ಮಗಳು ನಮ್ಮ ಮನೆಯಲ್ಲೇ ಬೆಳೆಯುತ್ತಾಳೆ ಎಂದು ಗೊತ್ತಾದ ದಿನ, ಅವಳು ಕುಡಿಯುವ ನೀರು ಆಕಾಶದಿಂದಲೇ ಬರಬೇಕೆಂದು ನಿಶ್ಚಯಿಸಿಬಿಟ್ಟೆ.

ಲೆಕ್ಕ ಕಷ್ಟದ್ದಲ್ಲ. ನಮ್ಮ ಚಾವಣಿ 600 ಚದರ ಅಡಿ. ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಹೆಚ್ಚುಕಡಿಮೆ 550 ಲೀಟರ್ ನೀರು. ಕುಡಿಯಲು, ಅಡುಗೆಗೆ ತಲೆಗೆ 5 ಲೀಟರಿನಂತೆ ಐದು ಜನಕ್ಕೆ ದಿನಕ್ಕೆ 25 ಲೀಟರ್. 5,000 ಲೀಟರಿನ ತೊಟ್ಟಿ ಇದ್ದರೆ 200 ದಿನ ನಿಶ್ಚಿಂತೆ. ಆದರೆ ತೊಟ್ಟಿ ಯಾವುದರದ್ದು? ಇಲ್ಲಿ ಮನೆಯಲ್ಲಿ ಸಭೆಯೇ ಸೇರಿತು. ಯಜಮಾನರು ಪ್ಲಾಸ್ಟಿಕ್ ಅಂದರು, ಅಳಿಯ ತಗಡು ಅಂದ, ಮೇಸ್ತ್ರಿ ಸಿಮೆಂಟ್ ಅಂದ. ಸೀರೆ ಕೊಳ್ಳುವಾಗ ಬಣ್ಣ ಹೋಗುತ್ತದೆಯೇ ಎಂದು ಸೆರಗಿನ ತುದಿ ಒದ್ದೆ ಮಾಡಿ ನೋಡುವವಳು ನಾನು. ಅಷ್ಟು ಸುಲಭಕ್ಕೆ ಒಪ್ಪುತ್ತೇನೆಯೇ? ಹಿಂದಿನವರು ಏನು ಮಾಡಿದ್ದರು ಎಂದು ಓದಲು ಕುಳಿತೆ.

ಮೊದಲು ನೆನಪಾದದ್ದು ಚಿತ್ರದುರ್ಗ. ಆ ಕೋಟೆಯ ಹೊಂಡಗಳಲ್ಲಿ ನೀರು ನಿಲ್ಲುವುದು ಬಂಡೆಯ ಮಡಿಲಲ್ಲಿ. ಮೇಲಿನದು ತುಂಬಿದರೆ ಕೆಳಗಿನದಕ್ಕೆ ಹರಿಯುತ್ತದೆ. ಕಲ್ಲಿಗಿಂತ ಬಾಳಿಕೆ ಯಾವುದಕ್ಕಿದೆ? ಆದರೆ ನಮ್ಮ ಹಿತ್ತಲಲ್ಲಿ ಬಂಡೆ ಇಲ್ಲವಲ್ಲ!

ಅಜ್ಜಿಯ ಮನೆಯ ಬಚ್ಚಲ ಪಕ್ಕ ಒಂದು ಗಾರೆಯ ತೊಟ್ಟಿ ಇತ್ತು. ಸುಣ್ಣ, ಮರಳು, ಇಟ್ಟಿಗೆಯ ಪುಡಿ ಅಂದರೆ ಸುರ್ಕಿ, ಜೊತೆಗೆ ಬೆಲ್ಲದ ನೀರು. ಇದು ನಮ್ಮವರಿಗೆ ಮಾತ್ರ ಗೊತ್ತಿದ್ದ ಗುಟ್ಟು ಎಂದುಕೊಂಡಿದ್ದೆ. ಎರಡು ಸಾವಿರ ವರ್ಷಗಳ ಹಿಂದೆ ರೋಮನ್ನರೂ ನೀರಿನ ತೊಟ್ಟಿಗಳ ಒಳಮೈಗೆ ಸುಣ್ಣದಲ್ಲಿ ಹೆಂಚಿನ ಪುಡಿ ಬೆರೆಸಿ ಬಳಿಯುತ್ತಿದ್ದರಂತೆ. ಸುಟ್ಟ ಮಣ್ಣಿನ ಪುಡಿ ಸೇರಿದರೆ ಸುಣ್ಣ ನೀರಿನಲ್ಲೂ ಗಟ್ಟಿಯಾಗುತ್ತದೆ. ಅಷ್ಟೇಕೆ, 1911ರಲ್ಲಿ ಕೆಲಸ ಆರಂಭವಾದ ನಮ್ಮ ಕನ್ನಂಬಾಡಿ ಕಟ್ಟೆಯೂ ಸುರ್ಕಿ ಗಾರೆಯದ್ದೇ. ಗಾರೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ ಸುಣ್ಣವೇ ಕರಗಿ ಹರಿದು ಅದನ್ನು ಮುಚ್ಚುವುದೂ ಉಂಟು. ಆದರೆ ಗಾರೆ ಅರೆಯುವ ಗಾಣವೂ ಇಲ್ಲ, ಆ ಹದ ಬಲ್ಲವರೂ ನಮ್ಮ ಊರಿನಲ್ಲಿ ನನಗೆ ಸಿಗಲಿಲ್ಲ.

ಇನ್ನು ತಗಡು. ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಫ್ರಾನ್ಸಿನ ಸೊರೆಲ್ 1837ರಲ್ಲಿ ಪೇಟೆಂಟ್ ಪಡೆದ. ಆಸ್ಟ್ರೇಲಿಯಾದ ಹಳ್ಳಿಮನೆಗಳ ಪಕ್ಕ ಸುಕ್ಕು ತಗಡಿನ ಮಳೆನೀರಿನ ಟ್ಯಾಂಕುಗಳು ಮನೆಯ ಗುರುತೇ ಆಗಿಹೋದವು. ನಮ್ಮಪ್ಪನೂ ಒಂದು ತಗಡಿನ ಟ್ಯಾಂಕ್ ಮಾಡಿಸಿದ್ದರು. ನೋಡಲು ಚೆನ್ನಾಗಿರಲಿ ಎಂದು ಹಿತ್ತಾಳೆಯ ನಲ್ಲಿ ಹಾಕಿಸಿದರು. ಅದೇ ಮುಳುವಾಯಿತು. ಬೇರೆಬೇರೆ ಜಾತಿಯ ಎರಡು ಲೋಹಗಳು ನೀರಿನಲ್ಲಿ ಕೂಡಿದರೆ ಸತುವೂ ಕಬ್ಬಿಣವೂ ಬೇಗ ಸವೆಯುತ್ತವೆ. ನಲ್ಲಿಯ ಸುತ್ತ ಮೊದಲು ತುಕ್ಕು, ಆಮೇಲೆ ಕೆಸರು ಕೂರುವ ತಳದಲ್ಲಿ ತೂತು. ಅಮ್ಮ ಮತ್ತೆ ಕೊಡ ಹೊತ್ತಳು. ನಾವು ಮತ್ತೆ ಕೊಳವೆಬಾವಿಯ ನೀರು ಕುಡಿದೆವು. ತಮ್ಮನಿಗೆ ಆಗ ನಾಲ್ಕು ವರ್ಷ. ಹೊಸ ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವಯಸ್ಸು. ಒಂದು ನಲ್ಲಿಯ ತಪ್ಪು ಎಲ್ಲಿಗೆ ಹೋಗಿ ಮುಟ್ಟಿತು ನೋಡಿ!

ಪ್ಲಾಸ್ಟಿಕ್ ತೊಟ್ಟಿ ಹಗುರ, ತುಕ್ಕಿಲ್ಲ. ಕಪ್ಪು ಬಣ್ಣದ್ದಾದರೆ ಬೆಳಕು ಒಳಹೋಗದು, ಪಾಚಿ ಕಟ್ಟದು. ಆದರೆ ವರ್ಷಗಟ್ಟಲೆ ಬಿಸಿಲಿಗೆ ಒಡ್ಡಿದರೆ ಪೆಡಸಾಗುತ್ತದೆ. ಸೀಳಿದರೆ ನಮ್ಮ ಮೇಸ್ತ್ರಿಯ ಕೈಯಲ್ಲಿ ಅದಕ್ಕೆ ಮದ್ದಿಲ್ಲ.

ಕೊನೆಗೆ ನನ್ನ ಮನಸ್ಸು ಗೆದ್ದವನು ಒಬ್ಬ ತೋಟಗಾರ. ಫ್ರಾನ್ಸಿನ ಜೋಸೆಫ್ ಮೊನಿಯೆ ಹೂವಿನ ಕುಂಡಗಳು ಒಡೆಯುವುದನ್ನು ತಾಳಲಾರದೆ ಸಿಮೆಂಟಿನೊಳಗೆ ಕಬ್ಬಿಣದ ಬಲೆ ಹುದುಗಿಸಿದ. 1867ರಲ್ಲಿ ಪೇಟೆಂಟ್ ಪಡೆದ. ಅದಕ್ಕೂ ಮೊದಲೇ, 1848ರಲ್ಲಿ, ಲಾಂಬೊ ಎಂಬವನು ಇದೇ ಉಪಾಯದಿಂದ ದೋಣಿ ಮಾಡಿದ್ದ. ನೀರನ್ನು ಹೊರಗಿಡುವ ದೋಣಿ ಆಗುವುದಾದರೆ ಒಳಗಿಡುವ ತೊಟ್ಟಿ ಏಕಾಗಬಾರದು? ಇದನ್ನೇ ಇಂದು ಫೆರೋಸಿಮೆಂಟ್ ಎನ್ನುತ್ತಾರೆ. 1980ರ ದಶಕದಲ್ಲಿ ಥಾಯ್ಲೆಂಡಿನ ಹಳ್ಳಿಗರು ಸಿಮೆಂಟ್ ಗಾರೆಯಲ್ಲಿ ಆಳೆತ್ತರದ ಹರವಿಗಳನ್ನು ಮಾಡಿ ಮನೆಮನೆಯಲ್ಲಿ ಮಳೆನೀರು ತುಂಬಿಸಿದರು.

ಹೀಗೆ ನಮ್ಮ ಹಿತ್ತಲಲ್ಲೂ ಕೋಳಿಬಲೆ ಸುತ್ತಿ, ಎರಡೂ ಕಡೆ ಗಾರೆ ಮೆತ್ತಿ, ದುಂಡನೆಯ ತೊಟ್ಟಿ ಎದ್ದಿತು. ಗೋಡೆ ಒಂದೂವರೆ ಅಂಗುಲ ದಪ್ಪ ಅಷ್ಟೆ. ಅದರ ಬಾಳಿಕೆಯೆಲ್ಲ ಹದ ಮಾಡುವುದರಲ್ಲಿದೆ. ಎರಡು ವಾರ ಗೋಣಿತಾಟು ಹೊದಿಸಿ, ಬಾಣಂತಿಯನ್ನು ನೋಡಿಕೊಂಡಂತೆ ನೋಡಿಕೊಂಡೆ. ಮೈ ಒಣಗಲು ಬಿಡಲಿಲ್ಲ. ಹೊಸ ಸಿಮೆಂಟಿನ ಸುಣ್ಣದ ರುಚಿ ಹೋಗಲೆಂದು ಮೊದಲ ಸಲ ತುಂಬಿದ ನೀರನ್ನು ತೆಂಗಿನಮರಕ್ಕೆ ಬಿಟ್ಟೆ. ಚಾವಣಿ ತೊಳೆದುಬರುವ ಮೊದಲ ಮಳೆ ಒಳಗೆ ಬಾರದಂತೆ ಬೇರೆ ಕೊಳವೆ, ಸೊಳ್ಳೆ ನುಸುಳದಂತೆ ಬಾಯಿಗೆ ಬಲೆ. ಕುಡಿಯುವ ಮುನ್ನ ಸೋಸಿ ಕುದಿಸುವುದನ್ನೂ ಬಿಟ್ಟಿಲ್ಲ. ಬಿರುಕು ಬಿಟ್ಟರೆ? ಒಂದು ಕರಣೆ, ಒಂದು ಬೋಗುಣಿ ಸಿಮೆಂಟು ಸಾಕು. ನಮ್ಮ ಬೀದಿಯ ಮೇಸ್ತ್ರಿಯೇ ಮುಚ್ಚುತ್ತಾನೆ. ಬಾಳಿಕೆ ಎಂದರೆ ಕೆಡದಿರುವುದು ಎಂದುಕೊಂಡಿದ್ದೆ. ಕೆಟ್ಟರೆ ಹತ್ತಿರದ ಕೈಗಳಿಗೆ ರಿಪೇರಿ ಬರುವುದೂ ಬಾಳಿಕೆಯೇ ಎಂದು ಈಗ ಅನ್ನಿಸುತ್ತದೆ.

ಮೊನ್ನೆ ಊರಿನಿಂದ ತಮ್ಮ ಬಂದಿದ್ದ. ಮೊಮ್ಮಗಳು ಲೋಟ ತುಂಬಿಸಿ ಕೊಟ್ಟಳು. ಒಂದು ಗುಟುಕು ಕುಡಿದು, "ಇದಕ್ಕೆ ರುಚಿಯೇ ಇಲ್ಲವಲ್ಲ ಅಕ್ಕಾ!" ಅಂದ. ಮಗು ಕಿಲಕಿಲನೆ ನಕ್ಕಿತು. ಅದರ ನಗು ನೋಡಿ ಅವನೂ ಬಾಯಿ ತುಂಬ ನಕ್ಕುಬಿಟ್ಟ.